ಮೂರನೆಯ ದಿನದ ಪಾಠ

ಮಕ್ಕಳಿಗೆ ಕ್ರಿಸ್ಮಸ್ ಹೇಳಿಕೊಡುವುದು ಸುಲಭ. ಅಲ್ಲೊಂದು ಕೂಸಿದೆ, ತಾಯಿ ಇದ್ದಾಳೆ, ದನದ ಕೊಟ್ಟಿಗೆ ಇದೆ. ಕೊಟ್ಟಿಗೆ ನೋಡದ ಮಗು ನಮ್ಮ ಕಾಲದ ಶಿವಮೊಗ್ಗದಲ್ಲಿ ಇರಲಿಲ್ಲ. ಕೂಸು ಅಳುತ್ತಿತ್ತಾ, ಹಾಲು ಕುಡಿಯಿತಾ ಎಂದು ಕೇಳುತ್ತಾರೆ, ಹೌದು ಎಂದರೆ ಪಾಠ ಮುಗಿಯಿತು. ಈಸ್ಟರ್ ಹಾಗಲ್ಲ. ಶುಕ್ರವಾರ ಒಬ್ಬನನ್ನು ಸಾಯಿಸಬೇಕು, ಭಾನುವಾರ ಎಬ್ಬಿಸಬೇಕು. ಎದುರಿಗೆ ಕುಳಿತವರಿಗೆ ಹಾಲುಹಲ್ಲು ಕೂಡ ಬಿದ್ದಿರುವುದಿಲ್ಲ. ನಾನು ಸೀರೆಯ ಸೆರಗು ನೆಟ್ಟಗೆ ಹೊದೆಯಲು ಕಲಿತ ವಯಸ್ಸಿನಿಂದ ತಲೆ ನರೆಯುವವರೆಗೆ ಪ್ರತಿ ವರ್ಷ ಇದನ್ನು ಹೇಳಿಕೊಟ್ಟೆ. ಪ್ರತಿ ವರ್ಷವೂ ಹಬ್ಬ ಮುಗಿದ ಸೋಮವಾರ ಮೈಗೆ ಜ್ವರ ಬಂದ ಹಾಗೆ ಮಲಗಿಬಿಡುತ್ತಿದ್ದೆ.

ಈಗ ಈ ಕೆಲಸಕ್ಕೆ ಸೇರುವ ಹುಡುಗಿಯರನ್ನು ನಮ್ಮ ಚರ್ಚಿನ ಸಭೆಯವರು ನನ್ನ ಹತ್ತಿರ ಕಳಿಸುತ್ತಾರೆ. "ಸಲೋಮಿ ಟೀಚರನ್ನ ಕೇಳಿ, ಅವರಿಗೆ ಎಲ್ಲಾ ಗೊತ್ತು" ಎಂದು ಹೇಳಿ ಕಳಿಸುತ್ತಾರಂತೆ. ನನಗೆ ಗೊತ್ತಿರುವುದು ಕಡಿಮೆ, ಸುಸ್ತು ಬೇಕಾದಷ್ಟಿದೆ. ಬಂದವರಿಗೆಲ್ಲ ಮೊದಲಿನಿಂದ ಹೇಳುವುದಕ್ಕೆ ಉಸಿರು ಸಾಲುವುದಿಲ್ಲ. ಅದಕ್ಕೇ ಒಂದೇ ಸಲ ಬರೆದಿಟ್ಟುಬಿಡುತ್ತೇನೆ. ಓದುವವರು ಓದಿಕೊಳ್ಳಲಿ.

ನನ್ನನ್ನು ಉಪದೇಶಿ ಎಂದು ನೇಮಿಸಿಕೊಂಡಿದ್ದರು. ವಾರದ ದಿನಗಳಲ್ಲಿ ನಮ್ಮ ಸಭೆಯ ಮನೆಗಳಿಗೆ ಹೋಗಿ, ಓದು ಬಾರದ ಹೆಂಗಸರಿಗೆ ಬೈಬಲ್ ಓದಿ ಹೇಳಬೇಕು. ಭಾನುವಾರ ಮಕ್ಕಳ ಪಾಠ. ಬೆಳಗ್ಗೆ ಶಿವಮೊಗ್ಗದಲ್ಲಿ, ಉಂಡ ಅನ್ನ ಹೊಟ್ಟೆಯಲ್ಲಿ ಇಳಿಯುವ ಮೊದಲೇ ಬಸ್ಸು ಹತ್ತಿ ಮಧ್ಯಾಹ್ನ ಭದ್ರಾವತಿಯಲ್ಲಿ. ಬಡ್ತಿಯ ವಿಚಾರ ಕೇಳಬೇಡಿ. ಸೇರಿದ ದಿನ ಟೀಚರ್ ಅನ್ನುತ್ತಿದ್ದರು, ಬಿಟ್ಟ ದಿನವೂ ಟೀಚರ್ ಅಂದರು. ನಡುವೆ ಬದಲಾದದ್ದು ನನ್ನ ಮೊಣಕಾಲು ಮಾತ್ರ.

ಮೊದಮೊದಲು ನಮಗೆ ಕೊಟ್ಟಿದ್ದ ಸಾಮಾನು ಎಂದರೆ ಚಿತ್ರದ ಸುರುಳಿ. ಕ್ಯಾಲೆಂಡರಿನಷ್ಟು ಅಗಲದ ಬಣ್ಣದ ಚಿತ್ರಗಳು, ಮೇಲೊಂದು ಕೋಲು. ಒಂದೊಂದೇ ಹಾಳೆ ಹಿಂದಕ್ಕೆ ಮಗುಚುತ್ತ ಕಥೆ ಹೇಳಬೇಕು. ಸಮುದ್ರದ ಆಚೆ ಅಚ್ಚಾದ ಚಿತ್ರಗಳಾದ್ದರಿಂದ ಅದರಲ್ಲಿ ಯೇಸುಸ್ವಾಮಿಗೆ ಚಿನ್ನದ ಬಣ್ಣದ ಕೂದಲು. "ಇವರು ದೊರೆಗಳಾ ಟೀಚರ್?" ಎಂದು ಮಕ್ಕಳು ಕೇಳುತ್ತಿದ್ದರು. ಇಲ್ಲಪ್ಪ, ಬಡಗಿಯ ಮಗ ಎಂದರೆ ನನ್ನನ್ನೂ ಚಿತ್ರವನ್ನೂ ಬದಲಿಸಿ ಬದಲಿಸಿ ನೋಡುತ್ತಿದ್ದರು.

ಸಮಾಧಿಯ ಚಿತ್ರ ಇನ್ನೂ ಕಷ್ಟ. ನಮ್ಮ ಮಕ್ಕಳು ನೋಡಿದ್ದು ನೆಲದಲ್ಲಿ ತೋಡಿದ ಗುಂಡಿ, ಮೇಲೆ ಮಣ್ಣಿನ ದಿಬ್ಬ. ಚಿತ್ರದಲ್ಲಿರುವುದು ಬಂಡೆಯಲ್ಲಿ ಕೊರೆದ ಗುಹೆ, ಅದರ ಬಾಯಿಗೆ ದುಂಡನೆಯ ಕಲ್ಲು. ಗುಂಡಿಗೆ ಬಾಗಿಲು ಹೇಗೆ ಬರುತ್ತದೆ ಎಂಬುದು ಅವರ ತಕರಾರು. ನಾನು ಬುದ್ಧಿವಂತಿಕೆ ಮಾಡಿ, ಬೀಸುವ ಕಲ್ಲನ್ನು ಎತ್ತಿ ನಿಲ್ಲಿಸಿ ಬಾಗಿಲಿಗೆ ಉರುಳಿಸಿದ ಹಾಗೆ ಅಂದೆ. ಅದೇ ಸಂಜೆ ಒಬ್ಬ ಹುಡುಗ ಮನೆಯ ಬೀಸುವ ಕಲ್ಲಿನ ಮೇಲುಹೋಳನ್ನು ಎತ್ತಿ ನಿಲ್ಲಿಸಿ, ತಂಗಿಯನ್ನು ಅಡುಗೆಮನೆಯೊಳಗೆ ಕೂರಿಸಿ, ಬಾಗಿಲಿಗೆ ಉರುಳಿಸಲು ಹೋಗಿ ಕಾಲಿನ ಮೇಲೆ ಹಾಕಿಕೊಂಡ. ಅವನ ತಾಯಿ ನನ್ನ ಮನೆಯ ಮುಂದೆ ಬಂದು ನಿಂತಳು.

"ಪಾಠ ಮಾಡ್ತೀರೋ, ಮಕ್ಕಳ ಕಾಲು ಮುರೀತೀರೋ? ಹೇಳ್ಬಿಡಿ ಟೀಚರ್, ನಾಳೆಯಿಂದ ಕಳಿಸೋದೋ ಬೇಡ್ವೋ ಅಂತ ನೋಡ್ತೀನಿ."

ಅವಳನ್ನು ಕೂರಿಸಿ ಕಾಫಿ ಕೊಟ್ಟು ಸಮಾಧಾನ ಮಾಡಿ ಕಳಿಸಿದೆ. ಹುಡುಗ ಮುಂದಿನ ವಾರ ಕುಂಟುತ್ತಲೇ ಬಂದ.

ಮೊಟ್ಟೆಯ ಕಥೆ ಇನ್ನೊಂದು. ಆಗ ಮಿಷನ್ನಿನ ಪರದೇಶದ ಮಿಸ್ಸಮ್ಮ ಒಬ್ಬರು ಇನ್ನೂ ನಮ್ಮ ಕಡೆ ಓಡಾಡಿಕೊಂಡಿದ್ದರು. ಅವರ ದೇಶದಲ್ಲಿ ಈಸ್ಟರಿಗೆ ಮಕ್ಕಳಿಗೆ ಬಣ್ಣದ ಮೊಟ್ಟೆ ಕೊಡುತ್ತಾರಂತೆ. ಚಿಪ್ಪೊಡೆದು ಮರಿ ಹೊರಗೆ ಬರುವ ಹಾಗೆ ಸಮಾಧಿಯಿಂದ ಜೀವ ಹೊರಗೆ ಬಂತು ಎಂದು ಅರ್ಥ ಹೇಳಬೇಕಂತೆ. ಈರುಳ್ಳಿ ಸಿಪ್ಪೆ ಹಾಕಿ ಬೇಯಿಸಿದರೆ ಮೊಟ್ಟೆಗೆ ಕೆಂಪು ಬರುತ್ತದೆ ಎಂದು ಅವರೇ ತೋರಿಸಿಕೊಟ್ಟರು. ನಾನು ಒಂದು ದೊಡ್ಡ ಪಾತ್ರೆ ತುಂಬ ಬೇಯಿಸಿ, ಮಕ್ಕಳನ್ನು ಪಂಕ್ತಿಯಲ್ಲಿ ಕೂರಿಸಿ, ಒಂದೊಂದು ಕೈಯಲ್ಲಿ ಒಂದೊಂದು ಮೊಟ್ಟೆ ಇಟ್ಟು ಅರ್ಥ ಹೇಳಿದೆ. ಕೋಳಿ ಸಾಕಿದ ಮನೆಯ ಹುಡುಗಿಯೊಬ್ಬಳು ಮೊಟ್ಟೆಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದಳು.

"ಬೇಯಿಸಿದ್ ಮೊಟ್ಟೆಯಿಂದ ಮರಿ ಬರಲ್ಲ ಟೀಚರ್."

ಎಲ್ಲರೂ ಸುಲಿದು ತಿಂದರು. ಮೊಟ್ಟೆ ಚೆನ್ನಾಗಿತ್ತು ಎಂದು ಮಿಸ್ಸಮ್ಮನಿಗೆ ವರದಿ ಕೊಟ್ಟೆ.

ಆಮೇಲೆ ಫ್ಲಾನೆಲ್ ಹಲಗೆ ಬಂತು. ಹಲಗೆಗೆ ಫ್ಲಾನೆಲ್ ಬಟ್ಟೆ ಹೊದಿಸಿ, ಕತ್ತರಿಸಿದ ಚಿತ್ರಗಳ ಬೆನ್ನಿಗೂ ಅದೇ ಬಟ್ಟೆ ಅಂಟಿಸಿದರೆ ಒಂದಕ್ಕೊಂದು ಹಿಡಿದುಕೊಳ್ಳುತ್ತವೆ. ಮನೆಯೊಳಗೆ ಚೆನ್ನಾಗಿ ನಿಲ್ಲುತ್ತವೆ, ಭದ್ರಾವತಿಯ ಜಗಲಿಯಲ್ಲಿ ಗಾಳಿ ಬಂದರೆ ದೇವದೂತನೇ ಹಾರಿ ರಸ್ತೆಗೆ ಬೀಳುತ್ತಿದ್ದ. ಮಕ್ಕಳು ಹೋ ಎಂದು ಹಿಡಿಯಲು ಓಡಿದರೆ ಆ ದಿನದ ಪಾಠ ಅಲ್ಲಿಗೇ ಮುಗಿದ ಹಾಗೆ.

ಹೀಗೆ ಹೇಳುತ್ತ ಹೋದರೆ ನಗು ಬರುತ್ತದೆ. ಆಗ ನಗು ಬರುತ್ತಿರಲಿಲ್ಲ. ಈಸ್ಟರಿನ ಹಿಂದಿನ ವಾರ ಬರುವ ಗರಿಗಳ ಭಾನುವಾರಕ್ಕೆ ನವುಲೆ ಕಡೆಯಿಂದ ಈಚಲು ಗರಿ ತರಿಸಬೇಕು, ಅದು ಬಂತೋ ಇಲ್ಲವೋ ನೋಡಬೇಕು. ಹಾಡು ಕಲಿಸಬೇಕು. ಶುಭ ಶುಕ್ರವಾರ ಹೊತ್ತುಗಟ್ಟಲೆ ಆರಾಧನೆಯಲ್ಲಿ ಮಕ್ಕಳನ್ನು ಅಲುಗಾಡದಂತೆ ಕೂರಿಸಬೇಕು. ಇದೆಲ್ಲದರ ನಡುವೆ ನಮ್ಮ ಸಭೆಯ ಅಯ್ಯನವರಿಗೆ ಪ್ರಶ್ನೋತ್ತರ ಒಪ್ಪಿಸಬೇಕು. ಅಯ್ಯನವರು ಅಂದರೆ ನಮ್ಮಲ್ಲಿ ಸಭಾಪಾಲಕರು. ಇವರ ಹೆಸರು ಜ್ಞಾನಾನಂದಪ್ಪ. ಎತ್ತರದ ಆಳು, ಕಪ್ಪು ಕೋಟು, ನಗುವುದು ಅಪರೂಪ. ಮಕ್ಕಳು ಕೈಕಟ್ಟಿ ನಿಂತು, "ಪುನರುತ್ಥಾನ ಎಂದರೇನು?" ಎಂದ ತಕ್ಷಣ ಉತ್ತರವನ್ನು ಒಂದೇ ಉಸಿರಿಗೆ ಹೇಳಬೇಕು. ಹೇಳುತ್ತಿದ್ದರು. ಅವರ ಕಣ್ಣಿನಲ್ಲಿ ಏನೂ ಇರುತ್ತಿರಲಿಲ್ಲ. ಅಯ್ಯನವರು ತಲೆಯಾಡಿಸಿ ಮುಂದಿನ ಮಗುವಿನ ಕಡೆ ತಿರುಗುತ್ತಿದ್ದರು.

ಅಂಥ ಕಣ್ಣುಗಳಿಗೆ ಮೊದಲ ಸಲ ಜೀವ ಬಂದದ್ದು ನನ್ನ ಸಾಮರ್ಥ್ಯದಿಂದಲ್ಲ. ಶಿವಮೊಗ್ಗದ ನಮ್ಮ ಪಾಠ ನಡೆಯುತ್ತಿದ್ದದ್ದು ಗಾಂಧಿ ಬಜಾರಿನ ಹಿಂದಿನ ಬೀದಿಯ ಒಂದು ಮನೆಯ ಜಗಲಿಯಲ್ಲಿ. ಅಕ್ಕಪಕ್ಕದ ಹಿಂದೂ ಮನೆಗಳ ಮಕ್ಕಳೂ ಚಿತ್ರ ನೋಡುವ ಆಸೆಗೆ ಬಂದು ಅಂಚಿನಲ್ಲಿ ಕೂರುತ್ತಿದ್ದರು. ಅದರಲ್ಲಿ ಗೌರಿ ಅಂತ ಒಬ್ಬಳು, ಜವಳಿ ಅಂಗಡಿಯವರ ಮನೆಯ ಹುಡುಗಿ. ಮಹಾ ಬಾಯಿ. ಆ ವರ್ಷ ನಾನು, ವಾರದ ಮೊದಲನೆಯ ದಿನವಾದ ಭಾನುವಾರ ಇನ್ನೂ ಕತ್ತಲಿರುವಾಗಲೇ ಹೆಂಗಸರು ಪರಿಮಳದ್ರವ್ಯ ತೆಗೆದುಕೊಂಡು ಸಮಾಧಿಗೆ ಹೊರಟರು ಎಂದು ಹೇಳುತ್ತಿದ್ದೆ. ಮಗ್ದಲದ ಮರಿಯಳ ಜೊತೆ ಹೊರಟ ಆ ಹೆಂಗಸರಲ್ಲಿ ಒಬ್ಬಳಿಗೆ ನನ್ನದೇ ಹೆಸರು, ಸಲೋಮಿ. ಮಕ್ಕಳಿಗೆ ಅದೊಂದೇ ರುಚಿ. ಪರಿಮಳದ್ರವ್ಯ ಎಂದರೆ ಅತ್ತರಾ, ಸತ್ತವರಿಗೆ ಅತ್ತರು ಯಾಕೆ ಎಂದು ಒಬ್ಬ ಕೇಳಿದ. ನಾನು ಯೆಹೂದ್ಯರ ಪದ್ಧತಿಯನ್ನು ವಿವರಿಸುವುದಕ್ಕೆ ಗಂಟಲು ಸರಿಮಾಡಿಕೊಂಡೆ.

"ಹಾಲುತುಪ್ಪಕ್ಕೆ ಹೋಗಿದ್ರು ಅನ್ನಿ ಟೀಚರ್" ಅಂದಳು ಗೌರಿ.

ಸತ್ತವರನ್ನು ಮಣ್ಣು ಮಾಡಿದ ಮೂರನೆಯ ದಿನ ಬೆಳಗ್ಗೆ ಮನೆಯವರು ಹಾಲು, ತುಪ್ಪ, ಸತ್ತವರಿಗೆ ಇಷ್ಟವಾದ ತಿಂಡಿ ತೆಗೆದುಕೊಂಡು ಹೋಗಿ ಸಮಾಧಿಯ ಮೇಲೆ ಬಿಟ್ಟು ಬರುವುದು ನಮ್ಮ ಸೀಮೆಯಲ್ಲಿ ಗೊತ್ತಿಲ್ಲದವರಿಲ್ಲ. ಗೌರಿಯ ಅಜ್ಜಿಗೆ ಅವರು ಸ್ವಲ್ಪ ದಿನದ ಹಿಂದೆ ಮಾಡಿ ಬಂದಿದ್ದರು. ನಿಜ ಹೇಳಬೇಕೆಂದರೆ ನಮ್ಮ ಸಭೆಯ ಕೆಲವು ಮನೆಗಳಲ್ಲೂ ಅಯ್ಯನವರ ಕಣ್ಣು ತಪ್ಪಿಸಿ ಒಂದು ಲೋಟ ಹಾಲಾದರೂ ಬಿಡುತ್ತಿದ್ದರು. ನಾನು ಹೂಂ ಅಂದೆ.

"ಹೌದು ಮಾರಾಯ್ತಿ, ಅದೇ. ಮೂರನೇ ದಿನ ಹಾಲುತುಪ್ಪಕ್ಕೆ ಅಂತ ಹೋದ್ರು. ಹೋಗಿ ನೋಡ್ತಾರೆ, ಸಮಾಧಿ ಖಾಲಿ!"

ಗೌರಿಯ ಬಾಯಿ ತೆರೆದದ್ದು ಮುಚ್ಚಲಿಲ್ಲ. ಹಾಲಿನ ಚೊಂಬು ಕೈಯಲ್ಲಿದೆ, ಬಿಡೋಣವೆಂದರೆ ಕೆಳಗೆ ಯಾರೂ ಇಲ್ಲ. ಆ ಗಾಬರಿ, ಆ ಸಂತೋಷ ಅವರಿಗೆ ಒಟ್ಟಿಗೇ ಹೊಳೆಯಿತು. ಅವತ್ತಿನಿಂದ ನಾನು ಈಸ್ಟರನ್ನು ಹಾಗೆಯೇ ಹೇಳತೊಡಗಿದೆ. ಭದ್ರಾವತಿಯ ಮಕ್ಕಳಲ್ಲಿ ತಮಿಳರು ಹೆಚ್ಚು. ಅವರಲ್ಲೂ ಹಾಲು ಬಿಡುವ ಪದ್ಧತಿ ಇದ್ದುದರಿಂದ ಅಲ್ಲೂ ತಕ್ಷಣ ನಾಟಿತು.

ಸುದ್ದಿ ಅಯ್ಯನವರ ಕಿವಿಗೆ ಬಿತ್ತು. ನನ್ನನ್ನು ಕರೆಸಿದರು.

"ಏನು ಸಲೋಮಮ್ಮ, ಮಗ್ದಲದ ಮರಿಯಳು ಹಾಲುತುಪ್ಪ ತಗೊಂಡು ಹೋದಳಂತೆ?"

"ಪರಿಮಳದ್ರವ್ಯವೇ ತಗೊಂಡು ಹೋದಳು ಅಯ್ಯನವರೇ. ಮಕ್ಕಳಿಗೆ ಅದು ತಿಳಿಯಲ್ಲ, ಇದು ತಿಳಿಯುತ್ತೆ."

"ತಿಳಿಯುತ್ತೆ ಅನ್ನೋದೇ ನನಗೆ ಭಯ. ಪರದೇಶದ ಕಥೆ ಆಗಿದ್ದಾಗ ಅದು ಕಥೆ. ನೀವು ಅದನ್ನ ತಂದು ಅವರ ಮನೆ ಬಾಗಿಲಲ್ಲಿ ಇಟ್ಟಿದ್ದೀರಿ. ನಾಳೆ ಆ ಮಗುವಿನ ಮನೆಯಲ್ಲೇ ಸಾವಾದರೆ, ಮೂರನೇ ದಿನ ಎದ್ದು ಬರ್ತಾರೆ ಅಂತ ಅದು ಕಾದು ಕೂತರೆ ಏನು ಮಾಡ್ತೀರಿ?"

ಪುಸ್ತಕದ ಮನುಷ್ಯ, ಮಕ್ಕಳ ವಿಚಾರ ಇವರಿಗೇನು ಗೊತ್ತು ಎಂದುಕೊಂಡು ಮನೆಗೆ ಬಂದೆ. ಬಿಡಿ ಎಂದು ಅವರೂ ಕಟ್ಟುನಿಟ್ಟಾಗಿ ಹೇಳಲಿಲ್ಲ. ನಾನೂ ಬಿಡಲಿಲ್ಲ.

ಐವತ್ತರ ದಶಕ ಮುಗಿಯುತ್ತಿದ್ದ ಹೊತ್ತಿನಲ್ಲಿ ಭದ್ರಾವತಿಯ ತರಗತಿಗೆ ಸೆಲ್ವಿ ಎಂಬ ಸಣ್ಣ ಹುಡುಗಿ ಬರುತ್ತಿದ್ದಳು. ಒಂದನೇ ಕ್ಲಾಸಿನ ವಯಸ್ಸು. ತಂದೆ ಅರುಳಪ್ಪ ಕಾರ್ಖಾನೆಯಲ್ಲಿ ಪಾಳಿಯ ಮೇಲೆ ಕೆಲಸ ಮಾಡುವವನು. ತಾಯಿ ತಂಗಮ್ಮ. ಕಾರ್ಖಾನೆಯ ಲೈನ್ ಮನೆಗಳ ಹೆಂಗಸರು ಆಗ ಬರಿಗಾಲಿನಲ್ಲೇ ಓಡಾಡುತ್ತಿದ್ದರು. ತಂಗಮ್ಮನಿಗೆ ಮಾತ್ರ ಅರುಳಪ್ಪ ಗಾಂಧಿ ಬಜಾರಿನಿಂದ ಕೆಂಪು ಪಟ್ಟಿಯ ಒಂದು ಜೊತೆ ಚರ್ಮದ ಚಪ್ಪಲಿ ತಂದುಕೊಟ್ಟಿದ್ದ. ಅವಳು ಅದನ್ನು ಭಾನುವಾರ ಮಾತ್ರ ಹಾಕುತ್ತಿದ್ದಳು. ಮಗಳನ್ನು ಪಾಠಕ್ಕೆ ಬಿಡಲು ಬರುವಾಗ ಚಪ್ಪಲಿಯ ಸದ್ದು ಬೀದಿಯ ತಿರುವಿನಲ್ಲೇ ಕೇಳುತ್ತಿತ್ತು. ಒಳಗೆ ಬರುವ ಮೊದಲು ಬಿಟ್ಟು, ಧೂಳು ಒರೆಸಿ, ಜೋಡಿಸಿ ಇಡುತ್ತಿದ್ದಳು. "ಸವೆದು ಹೋಗುತ್ತೆ ಅಂತ ನಡೆಯೋಕೇ ಹೆದರ್ತಾಳೆ" ಎಂದು ಅರುಳಪ್ಪ ಎಲ್ಲರ ಮುಂದೆ ಛೇಡಿಸುತ್ತಿದ್ದ.

ಆ ವರ್ಷ ಈಸ್ಟರಿಗೆ ಕೆಲವು ವಾರ ಮುಂಚೆ ತಂಗಮ್ಮನಿಗೆ ಕಾಮಾಲೆ ಆಯಿತು. ಆಸ್ಪತ್ರೆಗೂ ಸೇರಿಸಿದರು, ನಾಟಿ ಔಷಧವನ್ನೂ ಕೊಡಿಸಿದರು. ಉಳಿಯಲಿಲ್ಲ. ಮಣ್ಣಿಗೆ ನಾನೂ ಹೋಗಿದ್ದೆ. ಸೆಲ್ವಿ ಅಳಲಿಲ್ಲ. ಮುಂದಿನ ಭಾನುವಾರಗಳಲ್ಲಿ ಅವಳ ಅತ್ತೆ, ಅಂದರೆ ಅರುಳಪ್ಪನ ಅಕ್ಕ, ತಂದು ಬಿಟ್ಟು ಹೋಗುತ್ತಿದ್ದಳು. ಮಗು ಗೋಡೆಗೆ ಒರಗಿ ಕೂತು ನನ್ನನ್ನೇ ನೋಡುತ್ತಿತ್ತು. ಹಾಡು ಬಂದರೆ ಹಾಡುತ್ತಿರಲಿಲ್ಲ. ದುಃಖ, ಕಾಲ ಬೇಕು ಎಂದುಕೊಂಡೆ. ತರಗತಿ ತುಂಬ ಮಕ್ಕಳು, ಕೊನೆಯ ಬಸ್ಸಿನ ಚಿಂತೆ ಬೇರೆ. ಹತ್ತಿರ ಕರೆದು ಕೇಳಲಿಲ್ಲ.

ಈಸ್ಟರಿನ ಹಿಂದಿನ ಶನಿವಾರ ನಮ್ಮವರು ಸ್ಮಶಾನವನ್ನು ಚೊಕ್ಕಟ ಮಾಡುತ್ತಾರೆ. ಮುಳ್ಳುಗಿಡ ಕಡಿದು, ಗೋರಿಗಳಿಗೆ ಸುಣ್ಣ ಬಳಿದು, ಮಾರನೆಯ ಬೆಳಗ್ಗೆ ಸೂರ್ಯ ಹುಟ್ಟುವ ಹೊತ್ತಿಗೆ ಎಲ್ಲರೂ ಅಲ್ಲೇ ಸೇರಿ ಆರಾಧನೆ ಮಾಡುವುದು ಪದ್ಧತಿ. ನಾನು ಮಕ್ಕಳಿಗೆ ಹಾಡಿನ ಅಭ್ಯಾಸ ಮಾಡಿಸಲು ಶನಿವಾರವೇ ಭದ್ರಾವತಿಗೆ ಹೋಗಿದ್ದೆ. ಮಧ್ಯಾಹ್ನ ಒಬ್ಬಳು ಹೆಂಗಸು ಓಡುತ್ತ ಬಂದು, "ಟೀಚರ್, ಅರುಳಪ್ಪ ಕರೀತಾ ಇದಾರೆ, ಗೋರಿ ಹತ್ರ ಬರಬೇಕಂತೆ" ಅಂದಳು.

ಹೋಗಿ ನೋಡಿದರೆ ತಂಗಮ್ಮನ ಮಣ್ಣಿನ ದಿಬ್ಬದ ಪಕ್ಕದಲ್ಲಿ ಒಂದು ಎತ್ತಿನ ಗಾಡಿ, ಗಾಡಿಯಲ್ಲಿ ಒಂದು ಚಪ್ಪಡಿ ಕಲ್ಲು. ಕಲ್ಲು ಇಳಿಸಲು ಬಂದವರು ಹಾರೆ ಊರಿಕೊಂಡು ಬೀಡಿ ಸೇದುತ್ತಿದ್ದರು. ಹಬ್ಬದ ಹೊತ್ತಿಗೆ ಹೆಂಡತಿಯ ಮೇಲೊಂದು ಕಲ್ಲಾದರೂ ಇರಲಿ ಎಂದು ಅರುಳಪ್ಪ ಮಾಡಿಸಿ ತಂದಿದ್ದ. ಸೆಲ್ವಿ ದಿಬ್ಬದ ಮೇಲೆ ಕಾಲು ಮಡಿಸಿ ಕೂತಿದ್ದಳು. ಮಡಿಲಲ್ಲಿ ತಾಯಿಯ ಚಪ್ಪಲಿ.

"ನೀವೇ ಹೇಳಿ ಟೀಚರಮ್ಮ" ಅಂದ ಅರುಳಪ್ಪ. ಕಣ್ಣು ಕೆಂಪಗಿತ್ತು. "ನಾನ್ ಎತ್ತಿದ್ರೆ ಕಚ್ತಾಳೆ. ಅಮ್ಮ ನಾಳೆ ಎದ್ದು ಬರ್ತಾಳಂತೆ, ಕಲ್ಲು ಹಾಕಬೇಡ ಅಂತಾಳೆ. ಏನ್ ಪಾಠ ಹೇಳ್ಕೊಟ್ರಿ ನೀವು ಇವಳಿಗೆ?"

ಅಯ್ಯನವರ ಮಾತು ನೆನಪಾಯಿತು. ದಿಬ್ಬದ ಪಕ್ಕ ಮಣ್ಣಿನಲ್ಲೇ ಕೂತೆ.

"ಚಪ್ಪಲಿ ಯಾಕೆ ತಂದಿದ್ದೀಯ ಸೆಲ್ವಿ?"

"ಇಲ್ಲಿ ಮುಳ್ಳು ಜಾಸ್ತಿ."

ಆಮೇಲೆ ಅವಳೇ ಹೇಳಿದಳು. ಗುಟ್ಟು ಹೇಳುವ ಹಾಗೆ, ಅಪ್ಪನಿಗೆ ಕೇಳದ ಹಾಗೆ.

"ಅಮ್ಮ ಮೂರನೇ ದಿನಾನೇ ಬರ್ಬೇಕಿತ್ತು ಟೀಚರ್. ನಾನೇ ನಿದ್ದೆ ಮಾಡ್ಬಿಟ್ಟೆ. ಕತ್ತಲೆ ಇರೋವಾಗ್ಲೇ ಹೋಗ್ಬೇಕು ಅಂತ ಹೋದ್ ವರ್ಷ ನೀವ್ ಹೇಳಿದ್ರಲ್ಲ. ಅತ್ತೆ ಹಾಲು ತಗೊಂಡು ಹೋಗುವಾಗ ನನ್ನ ಎಬ್ಬಿಸ್ಲಿಲ್ಲ. ನಾನ್ ಎದ್ದಾಗ ಬಿಸ್ಲು ಬಂದಿತ್ತು. ಅಮ್ಮ ಕಾದು ಕಾದು ಮತ್ತೆ ಮಲಗ್ಬಿಟ್ಳು."

ಈ ಕೆಲಸಕ್ಕೆ ಬರುವ ಹುಡುಗಿಯರೇ, ನನ್ನ ಜೀವನದಲ್ಲಿ ಅಷ್ಟು ಕೆಟ್ಟ ಗಳಿಗೆ ಇನ್ನೊಂದು ಬರಲಿಲ್ಲ. ವಾರಗಟ್ಟಲೆ ಆ ಕೂಸು ಗೋಡೆಗೆ ಒರಗಿ ನನ್ನ ಮುಖ ನೋಡಿದ್ದು ಇದಕ್ಕೆ. ತಾಯಿ ಸತ್ತ ದುಃಖ ಒಂದು, ತಾನು ಮಲಗಿದ್ದರಿಂದ ತಾಯಿ ಏಳಲಿಲ್ಲ ಎಂಬ ಭಾರ ಇನ್ನೊಂದು. ಮೊದಲನೆಯದನ್ನು ಯಾರೂ ತೆಗೆಯಲಾರರು. ಎರಡನೆಯದನ್ನು ಅವಳ ತಲೆಯ ಮೇಲೆ ಇಟ್ಟದ್ದು ನನ್ನ ಪಾಠ. ಅದನ್ನು ಇಳಿಸದೆ ನಾಳೆಯ ಬೆಳಗಾದರೆ, ನಾಳೆಯೂ ತಾಯಿ ಏಳುವುದಿಲ್ಲ, ಮಗು ಜೀವಮಾನವಿಡೀ ನಿದ್ದೆಗೆ ಹೆದರುತ್ತದೆ.

ಅರುಳಪ್ಪ ಬಗ್ಗಿ ಕಿವಿಯಲ್ಲಿ ಹೇಳಿದ. "ಅಮ್ಮ ನಕ್ಷತ್ರ ಆಗಿದಾಳೆ, ಮೇಲಿಂದ ನೋಡ್ತಾ ಇದಾಳೆ ಅಂತ ಏನಾದ್ರೂ ಹೇಳ್ಬಿಡಿ ಟೀಚರಮ್ಮ. ಎದ್ದು ಬಂದ್ರೆ ಸಾಕು."

ಹೇಳಬಹುದಿತ್ತು. ಅವಳು ಎದ್ದೂ ಬರುತ್ತಿದ್ದಳು. ಆದರೆ ಭಾರ ಅಲ್ಲೇ ಉಳಿಯುತ್ತಿತ್ತು. ನನಗೆ ಕಲಿಸಿದ ಯಾವ ಪ್ರಶ್ನೋತ್ತರದಲ್ಲೂ ಇದಕ್ಕೆ ಉತ್ತರ ಇರಲಿಲ್ಲ. ನೂರು ಸಲ ಹೇಳಿದ ಕಥೆಯನ್ನೇ ಮನಸ್ಸಿನಲ್ಲಿ ಮೊದಲಿನಿಂದ ಹೇಳಿಕೊಳ್ಳುತ್ತ ಬಂದೆ. ಹೆಂಗಸರು ಎದ್ದರು, ಹೊರಟರು, ದಾರಿಯಲ್ಲಿ ಕಲ್ಲಿನ ಚಿಂತೆ ಮಾಡಿದರು, ಹೋಗಿ ನೋಡಿದರು. ಅಲ್ಲಿಗೆ ಬಂದಾಗ, ಇಷ್ಟು ವರ್ಷ ನಾನೇ ಗಮನಿಸದೆ ಬಿಟ್ಟಿದ್ದು ಕಣ್ಣಿಗೆ ಬಿತ್ತು.

"ಸೆಲ್ವಿ, ನಾನು ಆ ಕಥೆ ಪೂರ್ತಿ ಹೇಳ್ಲಿಲ್ಲ. ಆ ಹೆಂಗಸರೂ ತಡವಾಗೇ ಹೋಗಿದ್ದು."

"ಕತ್ತಲೆ ಇತ್ತಲ್ಲ?"

"ಇತ್ತು. ಆದ್ರೂ ತಡ ಆಗಿತ್ತು. ಅವರು ಹೋಗೋ ಹೊತ್ತಿಗೆ ಯೇಸುಸ್ವಾಮಿ ಎದ್ದು ಹೊರಟೇಹೋಗಿದ್ದ. ಅವನು ಏಳೋವಾಗ ಅಲ್ಲಿ ಯಾರೂ ಇರ್ಲಿಲ್ಲ. ಶಿಷ್ಯರು ಬಾಗಿಲು ಹಾಕ್ಕೊಂಡು ಮನೇಲಿದ್ರು. ಹೆಂಗಸರು ಇನ್ನೂ ದಾರೀಲಿದ್ರು. ಅವನ ಅಮ್ಮಾನೂ ಇರ್ಲಿಲ್ಲ."

"ಮತ್ತೆ ಯಾರ್ ಎಬ್ಬಿಸಿದ್ದು?"

"ದೇವರು."

ಅವಳು ಯೋಚಿಸಿದಳು. "ದೇವರಿಗೆ ನಿದ್ದೆ ಬರಲ್ವಾ?"

"ಬರಲ್ಲ. ಅದಕ್ಕೇ ನಾವು ಮಲಗಬಹುದು. ನೀನು ಮಲಗಿದ್ದಕ್ಕೆ ಅಮ್ಮ ಏಳ್ಲಿಲ್ಲ ಅಂತಲ್ಲ ಕಂದಾ. ನೀನು ಅವತ್ತು ಎದ್ದು ಬಂದಿದ್ರೂ ಅವಳು ಏಳ್ತಿರ್ಲಿಲ್ಲ. ಏಳಿಸೋದು ನಮ್ಮ ಕೆಲಸ ಅಲ್ಲ."

"ಹಂಗಾದ್ರೆ ನಾಳೆ?"

ಬೀಡಿ ಸೇದುತ್ತಿದ್ದವರೂ ಕೈ ಕೆಳಗಿಳಿಸಿದ್ದರು.

"ನಾಳೆ ಅಲ್ಲ, ಸೆಲ್ವಿ."

"ಯಾವಾಗ?"

"ಗೊತ್ತಿಲ್ಲ. ಏಳ್ತಾಳೆ ಅಂತ ಗೊತ್ತು. ಯೇಸುಸ್ವಾಮಿ ಮೊದಲು ಎದ್ದ, ಉಳಿದವರನ್ನೂ ಎಬ್ಬಿಸ್ತೀನಿ ಅಂತ ಮಾತು ಕೊಟ್ಟ. ಹಬ್ಬ ಮಾಡೋದು ಆ ಮಾತಿಗೆ. ಆದ್ರೆ ಯಾವಾಗ ಅಂತ ಯಾರಿಗೂ ಗೊತ್ತಿಲ್ಲ. ನನ್ನ ಅಮ್ಮಾನೂ ಶಿವಮೊಗ್ಗದಲ್ಲಿ ಮಣ್ಣಲ್ಲಿದ್ದಾಳೆ. ನಾನೂ ಕಾಯ್ತಾನೇ ಇದೀನಿ."

ಅವಳು ನನ್ನ ನರೆತ ಕೂದಲನ್ನು ನೋಡಿದಳು. ಎಷ್ಟು ಕಾಲದಿಂದ ಕಾಯುತ್ತಿದ್ದೇನೆ ಎಂದು ಲೆಕ್ಕ ಹಾಕಿದಳೋ ಏನೋ. ಆಮೇಲೆ ಅಳು ಬಂತು. ತಾಯಿ ಸತ್ತಾಗಿನಿಂದ ತಡೆದುಕೊಂಡಿದ್ದೆಲ್ಲ ಒಟ್ಟಿಗೆ ಬಂತು. ಅರುಳಪ್ಪನೂ ಮಗಳ ಪಕ್ಕ ಕುಸಿದು ಕೂತು ಜೋರಾಗಿ ಅತ್ತ. ನಾನು ಅವರಿಬ್ಬರನ್ನೂ ಅಳಲು ಬಿಟ್ಟೆ.

"ಕಲ್ಲು ಭಾರ ಆಗಲ್ವಾ?" ಎಂದು ಕೊನೆಗೆ ಕೇಳಿದಳು.

"ಆ ಹೆಂಗಸರಿಗೂ ಅದೇ ಚಿಂತೆ ಇತ್ತು. ದಾರಿಯುದ್ದಕ್ಕೂ ಕಲ್ಲು ಯಾರು ಸರಿಸ್ತಾರೆ ಅಂತಾನೇ ಮಾತಾಡ್ಕೊಂಡು ಹೋದ್ರು. ಹೋಗಿ ನೋಡ್ತಾರೆ, ಆಗ್ಲೇ ಪಕ್ಕಕ್ಕೆ ಸರಿದಿತ್ತು."

ಅವಳು ಎದ್ದು ಲಂಗದ ಮಣ್ಣು ಕೊಡವಿಕೊಂಡಳು. ಕಲ್ಲು ಇಳಿಸಿ ಕೂರಿಸುವವರೆಗೂ ನನ್ನ ಸೆರಗು ಹಿಡಿದು ನಿಂತಿದ್ದಳು. ಚಪ್ಪಲಿಯನ್ನು ಕಲ್ಲಿನ ಮೇಲಿಡುತ್ತೇನೆ ಅಂದಳು. ನಾಯಿ ಕಚ್ಚಿಕೊಂಡು ಹೋಗುತ್ತೆ, ಮನೆಯಲ್ಲಿ ಜೋಪಾನವಾಗಿ ಇಡೋಣ ಅಂದ ಅರುಳಪ್ಪ. ಅದಕ್ಕೆ ಒಪ್ಪಿದಳು.

ಸಂಜೆ ಅಯ್ಯನವರು ಮರುದಿನದ ಆರಾಧನೆಗಾಗಿ ಭದ್ರಾವತಿಗೆ ಬಂದರು. ನಾನೇ ಹೋಗಿ, ನೀವು ಹೇಳಿದ್ದೇ ಆಯಿತು ಎಂದು ನಡೆದದ್ದನ್ನೆಲ್ಲ ಹೇಳಿದೆ. ಬೈಗುಳಕ್ಕೆ ಸಿದ್ಧಳಾಗಿ ನಿಂತಿದ್ದೆ. ಅವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

"ತಡವಾಗಿ ಹೋದರು" ಅಂದರು. "ನಾನು ಇಷ್ಟು ವರ್ಷ ಇದೇ ಕಥೆ ಮೇಲೆ ಪ್ರಸಂಗ ಮಾಡಿದ್ದೀನಿ ಸಲೋಮಮ್ಮ. ಅದನ್ನ ಹೀಗೆ ನೋಡಿರಲಿಲ್ಲ."

ಬಾಗಿಲ ತನಕ ಬಂದಾಗ ಹಿಂದಿನಿಂದ ಮತ್ತೆ ಕರೆದರು. "ಪಾಠದಲ್ಲಿ ಹಾಲುತುಪ್ಪದ ಮಾತು ಕೈಬಿಡಬೇಡಿ. ಅದರ ಜೊತೆ ಇದನ್ನೂ ಹೇಳಿ."

ನಮ್ಮ ಮೇಲಿನವರಿಂದ ನನಗೆ ಸಿಕ್ಕಿದ ಒಳ್ಳೆಯ ಮಾತು ಅದೊಂದೇ. ಬೇರೆ ಬೇಕು ಅಂತ ಅನ್ನಿಸಲೂ ಇಲ್ಲ.

ಮಾರನೆಯ ಬೆಳಗ್ಗೆ ಸುಣ್ಣದ ವಾಸನೆಯ ನಡುವೆ ಎಲ್ಲರೂ ಮೇಣದಬತ್ತಿ ಹಿಡಿದು ನಿಂತೆವು. ಕಾರ್ಖಾನೆಯ ಕೂಗು ಆಗಿ ರಾತ್ರಿ ಪಾಳಿಯವರು ಕೆಲವರು ಹಾಗೆಯೇ ಬಂದು ಸೇರಿಕೊಂಡರು. ನಾನು ಸೆಲ್ವಿಯನ್ನು ಹುಡುಕುತ್ತಿದ್ದೆ. ಅರುಳಪ್ಪ ಕೊನೆಯಲ್ಲಿ ನಿಂತಿದ್ದ. ಅವನ ಹೆಗಲ ಮೇಲೆ ಮಗು ತಲೆ ಹಾಕಿ ಗಾಢವಾಗಿ ಮಲಗಿತ್ತು. ಅಯ್ಯನವರು "ಕ್ರಿಸ್ತನು ಎದ್ದಿದ್ದಾನೆ" ಎಂದು ಕೂಗಿದರು. ನಾವೆಲ್ಲ "ನಿಜವಾಗಿಯೂ ಎದ್ದಿದ್ದಾನೆ" ಎಂದು ಕೂಗಿದೆವು. ಅಷ್ಟು ದೊಡ್ಡ ಸದ್ದಿಗೂ ಅವಳು ಮಿಸುಕಲಿಲ್ಲ. ಆ ಮಗು ನಿದ್ದೆ ಮಾಡಿದ್ದನ್ನು ನೋಡಿ ನನಗೆ ಆದ ಸಂತೋಷ ಯಾವ ಹಾಡಿನಿಂದಲೂ ಆಗಿರಲಿಲ್ಲ.

ಎಲ್ಲ ಮುಗಿದು ಬನ್ನು ಮತ್ತು ಕಾಫಿ ಹಂಚುವಾಗ ಕಣ್ಣುಜ್ಜುತ್ತ ಎದ್ದಳು.

"ಮುಗೀತಾ ಟೀಚರ್?"

"ಮುಗೀತು."

"ನನ್ನ ಯಾರೂ ಎಬ್ಬಿಸ್ಲೇ ಇಲ್ಲ."

"ಎಬ್ಬಿಸೋ ಅಗತ್ಯ ಇರ್ಲಿಲ್ಲ."

ಅವಳು ಸ್ವಲ್ಪ ಹೊತ್ತು ನನ್ನ ಮುಖ ನೋಡಿ, ಬನ್ನು ಕೇಳಿದಳು.

ಅದಾದ ಮೇಲೆ ನಾನು ಪಾಠ ಮಾಡುವ ರೀತಿ ಬದಲಾಯಿತು. ಚಿತ್ರ ಕಡಿಮೆ ಮಾಡಿದೆ. ಕಥೆ ಹೇಳುವ ಮೊದಲು ಈ ವರ್ಷ ಯಾರ ಮನೆಯಲ್ಲಿ ಸಾವಾಗಿದೆ ಎಂದು ವಿಚಾರಿಸಿಕೊಂಡು ಬರುತ್ತಿದ್ದೆ, ಆ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳಲು ಕಲಿತೆ. ಕೆಲಸ ಇದರಿಂದ ಹಗುರವಾಯಿತು ಎಂದು ತಿಳಿಯಬೇಡಿ. ಮಕ್ಕಳು ಪ್ರತಿ ವರ್ಷ ಹೊಸಬರು, ಪ್ರಶ್ನೆ ಅವವೇ, ಉತ್ತರ ಹೇಳುವವಳು ಮಾತ್ರ ಹಳಬಳಾಗುತ್ತ ಹೋದಳು. ಕೆಲವು ವರ್ಷ ಬಸ್ಸಿನಲ್ಲಿ ಕಿಟಕಿಗೆ ತಲೆ ಕೊಟ್ಟು, ನನಗೇ ಇದರಲ್ಲಿ ಎಷ್ಟು ನಂಬಿಕೆ ಉಳಿದಿದೆ ಎಂದು ಕೇಳಿಕೊಂಡಿದ್ದೇನೆ. ಇಳಿಯುವಷ್ಟರಲ್ಲಿ ಉತ್ತರ ಸಿಗುತ್ತಿರಲಿಲ್ಲ. ಜಗಲಿಯಲ್ಲಿ ಮಕ್ಕಳು ಕಾಯುತ್ತಿರುತ್ತಿದ್ದರು, ಹೋಗಿ ಹೇಳುತ್ತಿದ್ದೆ. ನಿಮಗೂ ಹಾಗೆ ಆಗುತ್ತದೆ. ಆದಾಗ ಗಾಬರಿಯಾಗಬೇಡಿ, ಬಸ್ಸಿನಿಂದ ಇಳಿಯಿರಿ.

ಅರವತ್ತರ ದಶಕದ ಕೊನೆಯಲ್ಲಿ ಮೊಣಕಾಲು ತೀರಾ ಕೈಕೊಟ್ಟಾಗ ಭದ್ರಾವತಿಯ ತರಗತಿಯನ್ನು ಬೇರೆಯವರಿಗೆ ಒಪ್ಪಿಸಿದೆ. ಅಲ್ಲಿನ ನನ್ನ ಕೊನೆಯ ಈಸ್ಟರಿನ ಬೆಳಗ್ಗೆ ಸ್ಮಶಾನದ ಗೇಟಿನ ಹತ್ತಿರ ಕಲ್ಲಿನ ಮೇಲೆ ಕೂತು ಸುಧಾರಿಸಿಕೊಳ್ಳುತ್ತಿದ್ದೆ. ಹಿಂದಿನಿಂದ ಚಪ್ಪಲಿಯ ಸದ್ದು ಬಂತು. ಎಂದೋ ಕೇಳಿದ ಸದ್ದು ಅನ್ನಿಸಿ ತಿರುಗಿದೆ. ಸೆಲ್ವಿ ಬರುತ್ತಿದ್ದಳು. ಹೈಸ್ಕೂಲಿನ ಹುಡುಗಿ, ಎರಡು ಜಡೆ, ತಾಯಿಯ ಹಾಗೆಯೇ ಉದ್ದ ಕುತ್ತಿಗೆ. ಕಾಲಿನಲ್ಲಿ ಕೆಂಪು ಪಟ್ಟಿಯ ಆ ಚಪ್ಪಲಿ. ಅರುಳಪ್ಪ ವರ್ಷಾವರ್ಷ ಹಬ್ಬದ ವಾರ ಹರಳೆಣ್ಣೆ ಸವರಿ ಇಡುತ್ತಿದ್ದನಂತೆ, ಚರ್ಮ ಬಿರುಕು ಬಿಟ್ಟಿರಲಿಲ್ಲ.

ನಾನು ಅವಳ ಕಾಲನ್ನೇ ನೋಡುತ್ತಿದ್ದುದನ್ನು ಕಂಡು ಅವಳಿಗೆ ನಾಚಿಕೆಯಾಯಿತು.

"ಈ ವರ್ಷ ನನಗೆ ಸರಿಯಾಯ್ತು ಟೀಚರ್. ಅಮ್ಮ ಬರೋ ತನಕ ಹಾಕ್ಕೊಂಡಿರ್ತೀನಿ."

"ಸವೆದು ಹೋಗುತ್ತಲ್ಲೇ?"

"ಹೋಗ್ಲಿ. ಬಂದ್ಮೇಲೆ ಬೈತಾಳೆ, ಬೈಸ್ಕೊಳ್ತೀನಿ" ಅಂದಳು. ನನಗೆ ಕೈಕೊಟ್ಟು ಕಲ್ಲಿನಿಂದ ಎಬ್ಬಿಸಿದಳು.